ಪಾಂಚಾಲಿಯ ಮುನಿಸು

ಬಾಣಗಳಿಂದ ಆಕಾಶವನ್ನು ಮುಚ್ಚಬಲ್ಲವನು, ಗದೆಯಿಂದ ಮದ್ದಾನೆಯನ್ನು ಕೆಡಹಬಲ್ಲವನು, ಯಜ್ಞಕುಂಡದ ಬೆಂಕಿಯಿಂದ ಎದ್ದು ಬಂದವಳು,—ಇಂಥವರಿಗೂ ನಮ್ಮ ನಿಮ್ಮ ಮನೆಗಳಲ್ಲಿ ಆಗುವಂತೆ ಹೊಟ್ಟೆಕಿಚ್ಚು ಬರುವುದುಂಟೆ? ಈ ಪ್ರಶ್ನೆಯನ್ನು ನಮಗೆ ಹಾಕಿದವನು ಅಲಂಕಾರಶಾಸ್ತ್ರದ ವಿದ್ಯಾರ್ಥಿಯಲ್ಲ. ನಮ್ಮ ತಂಗಿಯ ಮಗ, ಆಗ ಹತ್ತು ವರ್ಷದ ಹುಡುಗ. ಅವನಿಗೆ ಉತ್ತರ ಹೇಳಹೊರಟ ನಾವು ಮನೆಮಂದಿಯೊಡನೆಯೂ ಬೀದಿಯವರೊಡನೆಯೂ ಮೂರು ದಿನ ವಾದ ಮಾಡಿ, ಕೊನೆಗೆ ನಾವೇ ವಿದ್ಯಾರ್ಥಿಯ ಸ್ಥಾನದಲ್ಲಿ ಕುಳಿತುಕೊಳ್ಳಬೇಕಾಗಿ ಬಂದಿತು. ಆ ಸಂಗತಿಯನ್ನು ವಾಚಕರ ಮುಂದಿಡುತ್ತೇವೆ.

ಅದು 2020ನೆಯ ವರ್ಷ. ಮಾರ್ಚಿ 25ರಿಂದ ದೇಶವೆಲ್ಲವೂ ಕೊರೋನಾ ವ್ಯಾಧಿಯ ಭಯದಿಂದ ಬಾಗಿಲು ಹಾಕಿಕೊಂಡು ಕುಳಿತಿತ್ತು. ಧಾರಾವಾಹಿಗಳ ಚಿತ್ರೀಕರಣ ನಿಂತುಹೋಗಿ, ವಾಹಿನಿಗಳವರಿಗೆ ತೋರಿಸುವುದಕ್ಕೆ ಹೊಸತೇನೂ ಇಲ್ಲದಂತಾಯಿತು. ದೆಹಲಿಯ ದೂರದರ್ಶನವು 1987ರ ಹಳೆಯ ‘ರಾಮಾಯಣ’ವನ್ನು ಮಾರ್ಚಿ 28ರಿಂದ ಮತ್ತೆ ತೋರಿಸಲಾರಂಭಿಸಿತು. ಕನ್ನಡದಲ್ಲಿಯೋ, ಹಿಂದಿಯಲ್ಲಿ 2013ರಿಂದ 2014ರವರೆಗೆ ನಡೆದಿದ್ದ ‘ಮಹಾಭಾರತ’ಕ್ಕೆ ನಮ್ಮ ಭಾಷೆಯ ಮಾತುಗಳನ್ನು ಕೂಡಿಸಿ ಸ್ಟಾರ್ ಸುವರ್ಣ ವಾಹಿನಿಯವರು ಮೇ ತಿಂಗಳಿನಿಂದ ಪ್ರಸಾರ ಮಾಡತೊಡಗಿದರು. ಹೀಗೆ ಪರಭಾಷೆಯ ಚಿತ್ರಕ್ಕೆ ಕನ್ನಡದ ಕಂಠ ಕೊಡುವುದನ್ನು ನಮ್ಮ ಕಲಾವಿದರು ದಶಕಗಳ ಕಾಲ ವಿರೋಧಿಸುತ್ತ ಬಂದಿದ್ದರು. ಆ ವಿವಾದದ ಒಳಹೊರಗನ್ನು ವಿಚಾರಿಸುವುದು ನಮ್ಮ ಕೆಲಸವಲ್ಲ. ಹಿಂದಿ ಬಾರದ ನಮ್ಮ ಮನೆಯ ಹಿರಿಯರಿಗೆ ಅರ್ಜುನನು ಕನ್ನಡ ಮಾತನಾಡಿದನೆಂಬುದಷ್ಟೇ ಮುಖ್ಯವಾಯಿತು.

ನಮ್ಮ ಮನೆಯಿರುವುದು ದೊಡ್ಡಬಳ್ಳಾಪುರದಲ್ಲಿ. ಇದು ಮಗ್ಗದ ಊರು. ಹಗಲಿರುಳೂ ಬೀದಿಯುದ್ದಕ್ಕೂ ವಿದ್ಯುತ್ ಮಗ್ಗಗಳ ಖಟಖಟ ಶಬ್ದವು ಕೇಳುತ್ತಲೇ ಇರುವುದು. ಹೊರಗಿನಿಂದ ಬಂದ ನೆಂಟರಿಗೆ ಮೊದಲ ರಾತ್ರಿ ನಿದ್ರೆ ಬಾರದು, ನಮಗೆ ಅದಿಲ್ಲದೆ ನಿದ್ರೆ ಬಾರದು. ಆ ವರ್ಷ ಮಗ್ಗಗಳು ಮೊದಲು ಪೂರ್ತಿಯಾಗಿ ನಿಂತು, ತರುವಾಯ ಅರೆಬರೆಯಾಗಿ ನಡೆಯುತ್ತಿದ್ದುವು. ನಾವು ಆಗ ಇನ್ನೂ ಪ್ರೌಢಶಾಲೆಯ ಸಂಸ್ಕೃತದ ಉಪಾಧ್ಯಾಯರು, ಶಾಲೆ ಮುಚ್ಚಿತ್ತು. ನಮ್ಮ ಮಗನಿಗೆ ದೇವನಹಳ್ಳಿಯ ವಿಮಾನನಿಲ್ದಾಣದ ಸಮೀಪದಲ್ಲಿ ಕೆಲಸ. ವಿಮಾನಗಳೇ ಹಾರದಿದ್ದಾಗ ಅವನೂ ಮನೆಯಲ್ಲಿಯೇ ಇದ್ದು, ಆಮೇಲೆ ದಿನ ಬಿಟ್ಟು ದಿನ ಹೋಗಿಬರುತ್ತಿದ್ದನು. ನಿರ್ಬಂಧಗಳು ಸಡಿಲವಾದ ಮೇಲೆ ಎದುರುಮನೆಯ ನೇಯ್ಗೆಯವರೂ, ಹಿಂದಿನ ಬೀದಿಯ ಹೂವಿನ ತೋಟದ ಅಜ್ಜಿಯೂ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಬಂದು ಜಗಲಿಯ ಮೇಲೆ ದೂರ ದೂರ ಕುಳಿತು, ತೆರೆದ ಕಿಟಕಿಯ ಮೂಲಕವೇ ಭಾರತವನ್ನು ನೋಡುತ್ತಿದ್ದರು. ಒಳಗೆ ನಡುಮನೆಯ ಕಂಬಕ್ಕೆ ಒರಗಿ ಕುಳಿತಿರುತ್ತಿದ್ದವರು ನಮ್ಮ ಸೋದರತ್ತೆ. ಅವರಿಗೆ ಆಗ 86 ವರ್ಷ. ಕಣ್ಣು ಮಂಜು, ಕಿವಿ ಚುರುಕು.

ಸುಭದ್ರೆಯು ಇಂದ್ರಪ್ರಸ್ಥಕ್ಕೆ ಬಂದ ದಿನದ ಕಂತು ವಾದಕ್ಕೆ ಕಾರಣವಾದುದು. ಕಥೆಯನ್ನು ಬಲ್ಲವರೂ ಒಮ್ಮೆ ನೆನಪು ಮಾಡಿಕೊಳ್ಳಬೇಕು. ಐವರಿಗೆ ಒಬ್ಬಳೇ ಪತ್ನಿಯಾದ ಮೇಲೆ ಅಣ್ಣತಮ್ಮಂದಿರಲ್ಲಿ ಒಡಕು ಬರಬಾರದೆಂದು ನಾರದರು ಬಂದು ಎಚ್ಚರಿಸಿದರು. ಒಬ್ಬನು ದ್ರೌಪದಿಯೊಡನೆ ಏಕಾಂತದಲ್ಲಿರುವಾಗ ಮತ್ತೊಬ್ಬನು ಒಳಹೊಕ್ಕರೆ ಅವನು ವನವಾಸ ಮಾಡತಕ್ಕುದೆಂದು ನಿಯಮವಾಯಿತು. ಬ್ರಾಹ್ಮಣನೊಬ್ಬನ ಗೋವುಗಳನ್ನು ಕಳ್ಳರು ಹೊಡೆದುಕೊಂಡು ಹೋಗಲು, ಧರ್ಮರಾಯನಿದ್ದ ಕೋಣೆಯಲ್ಲಿದ್ದ ಆಯುಧಗಳಿಗಾಗಿ ಅರ್ಜುನನು ಒಳಹೊಕ್ಕನು. ಅಣ್ಣನು ಕ್ಷಮಿಸಿದರೂ ಕೇಳದೆ ಕಾಡಿಗೆ ಹೊರಟನು. ಹೋದ ದಾರಿಯಲ್ಲಿ ನಾಗಕನ್ಯೆಯಾದ ಉಲೂಪಿ, ರಾಜಪುತ್ರಿಯಾದ ಚಿತ್ರಾಂಗದೆ ಇವರನ್ನು ಕೈಹಿಡಿದನು. ಅವರಿಬ್ಬರನ್ನೂ ನಮ್ಮ ಜನರು 1977ರ ‘ಬಭ್ರುವಾಹನ’ ಚಲನಚಿತ್ರದಿಂದ ಚೆನ್ನಾಗಿ ಬಲ್ಲರು. ಅದರಲ್ಲಿ ತಂದೆ ಅರ್ಜುನನೂ ಮಗ ಬಭ್ರುವಾಹನನೂ ಎರಡೂ ರಾಜಕುಮಾರರೇ. ಕೊನೆಗೆ ದ್ವಾರಕೆಯಲ್ಲಿ ಕೃಷ್ಣನ ತಂಗಿ ಸುಭದ್ರೆಯನ್ನು ವರಿಸಿ, ಉಳಿದವರನ್ನು ಅವರವರ ಊರಿನಲ್ಲಿಯೇ ಬಿಟ್ಟಂತೆ ಬಿಡದೆ, ಇವಳನ್ನು ಮನೆಗೇ ಕರೆದುಕೊಂಡು ಬಂದನು. ದ್ರೌಪದಿಗೆ ಸಿಟ್ಟು ಬಂದಿತು.

ಅಂದಿನ ಕಂತು ಮುಗಿದೊಡನೆ ಮಾತು ಆರಂಭವಾಯಿತು. ನಮ್ಮ ಮಗನದು ಮೊದಲ ತೀರ್ಪು: “ತನಗೆ ಐವರು ಗಂಡಂದಿರಿರುವಾಗ ಅವನಿಗೆ ಇನ್ನೊಬ್ಬಳು ಹೆಂಡತಿ ಬಂದರೆ ಇವಳಿಗೆ ಸಿಟ್ಟೇಕೆ? ಲೆಕ್ಕ ಸರಿಯಾಯಿತಲ್ಲ!” ಮದುವೆಯಾಗದ ಹುಡುಗರ ಬಾಯಲ್ಲಿ ಈ ಬಗೆಯ ಲೆಕ್ಕ ಬಲು ಸುಲಭವಾಗಿ ಬರುವುದು. ನಮ್ಮ ಮನೆಯಾಕೆ ಸುಮ್ಮನಿರಲಿಲ್ಲ. “ಐವರನ್ನು ಅವಳು ಕೇಳಿದಳೆ? ಅತ್ತೆಯ ಬಾಯಿಂದ ಬಂದ ಮಾತಿಗೆ ಅವಳನ್ನು ಹಂಚಿದರು. ಗೆದ್ದು ತಂದವನು ಅರ್ಜುನ, ಅವಳ ಮನಸ್ಸಿದ್ದುದು ಅವನಲ್ಲಿ. ಅವನೇ ವರ್ಷಗಟ್ಟಲೆ ಊರು ಸುತ್ತಿ ಬರುವಾಗ ಜೊತೆಗೊಬ್ಬಳನ್ನು ಕರೆತಂದರೆ ಆರತಿ ಎತ್ತಬೇಕೆ?” ಎಂದಳು. ಇದು ಮನೆಯಾಕೆಯ ಊಹೆಯೇನೂ ಅಲ್ಲ. ಐವರಲ್ಲಿ ದ್ರೌಪದಿಗೆ ಅರ್ಜುನನ ಮೇಲೆ ಹೆಚ್ಚಿನ ಪಕ್ಷಪಾತವಿತ್ತೆಂದು ಮಹಾಪ್ರಸ್ಥಾನದಲ್ಲಿ ಅವಳು ಬಿದ್ದಾಗ ಧರ್ಮರಾಯನೇ ಭೀಮನಿಗೆ ಹೇಳುವನು; ಅದನ್ನು ಅವಳ ದೋಷವೆಂದೂ ಎಣಿಸುವನು.

ಎದುರುಮನೆಯ ನೇಯ್ಗೆಯ ಗೃಹಿಣಿಯು ದ್ರೌಪದಿಯ ಪಕ್ಷವನ್ನೂ ಹಿಡಿಯಲಿಲ್ಲ, ಅರ್ಜುನನ ಪಕ್ಷವನ್ನೂ ಹಿಡಿಯಲಿಲ್ಲ. “ಆ ಸುಭದ್ರೆಯದು ಏನು ತಪ್ಪು? ಅಣ್ಣ ಹೂಡಿದ ಹೂಟ, ಗಂಡ ಓಡಿಸಿದ ರಥ, ಬೈಗಳು ಮಾತ್ರ ಅವಳಿಗೆ” ಎಂದು ನಿಟ್ಟುಸಿರಿಟ್ಟಳು. ಅವಳ ಯಜಮಾನನು ಮಗ್ಗ ನಡೆಯದ ಚಿಂತೆಯಲ್ಲಿದ್ದವನು, “ಅರಮನೆಯವರಿಗೆ ಮೂರು ಹೊತ್ತು ಊಟಕ್ಕಿದೆ, ಜಗಳವಾಡುತ್ತಾರೆ” ಎಂದು ಎದ್ದುಹೋದನು. ಆ ದಿನಗಳಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಹೂವಿನ ತೋಟದ ಅಜ್ಜಿಗೆ ಮಾತ್ರ ನಿಜವಾಗಿ ನೋವಾಗಿತ್ತು. ಅವರು ವಹ್ನಿಕುಲದವರು, ಎಂದರೆ ತಿಗಳ ಜನಾಂಗದವರು. ಅವರಿಗೆ ದ್ರೌಪದಿಯು ಕಥೆಯ ಪಾತ್ರವಲ್ಲ, ಕುಲದೇವತೆ. ಬೆಂಗಳೂರಿನ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಚೈತ್ರ ಶುದ್ಧ ಪೂರ್ಣಿಮೆಯ ರಾತ್ರಿ ಹೊರಡುವ ಕರಗವನ್ನು ಎಲ್ಲರೂ ಬಲ್ಲರು. ನಮ್ಮ ಜಿಲ್ಲೆಯ ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರಗಳಲ್ಲಿಯೂ ಕರಗವುಂಟು. ಪಾಂಡವರು ಸ್ವರ್ಗಾರೋಹಣಕ್ಕೆ ಹೊರಟಾಗ ಹಿಂದುಳಿದ ದ್ರೌಪದಿಯನ್ನು ತಿಮಿರಾಸುರನೆಂಬ ರಾಕ್ಷಸನು ಅಡ್ಡಗಟ್ಟಲು, ಅವಳು ಆದಿಶಕ್ತಿಯ ರೂಪ ತಾಳಿ, ವೀರಕುಮಾರರನ್ನು ಸೃಷ್ಟಿಸಿ, ಅವನನ್ನು ಸಂಹರಿಸಿದಳೆಂಬುದು ಆ ಜನರ ನಂಬಿಕೆ. ವರ್ಷಕ್ಕೊಮ್ಮೆ ಅವಳು ಮಕ್ಕಳನ್ನು ನೋಡಲು ಬರುವಳು; ಕತ್ತಿ ಹಿಡಿದ ವೀರಕುಮಾರರು ಕರಗದ ಸುತ್ತಲೂ ನಡೆಯುವರು. ಕರಗ ಹೊರುವವನು ಸ್ತ್ರೀವೇಷದಲ್ಲಿ, ತನ್ನ ಹೆಂಡತಿಯ ಮಾಂಗಲ್ಯವನ್ನೇ ಧರಿಸಿ, ತಲೆಯ ಮೇಲಿನ ಹೂವಿನ ಗೋಪುರವನ್ನು ಕೈಯಿಂದ ಮುಟ್ಟದೆ ನಡೆಯಬೇಕು. ಆ ದಿನಗಳಲ್ಲಿ ಅವನ ಹೆಂಡತಿ ಅವನ ಕಣ್ಣಿಗೆ ಬೀಳದಂತೆ ಇರಬೇಕು. 2020ರಲ್ಲಿ ಎಂದಿನ ಜನಸಂದಣಿಯ ಉತ್ಸವವು ನಡೆಯದೆ ಅಜ್ಜಿಯ ಮನಸ್ಸು ಮೊದಲೇ ಕುಗ್ಗಿತ್ತು. “ತಿಮಿರಾಸುರನನ್ನು ಕೊಂದ ತಾಯಿ, ಹಳ್ಳಿಯ ಹೆಂಗಸಿನ ಹಾಗೆ ಸವತಿಗೆ ಮುಖ ತಿರುಗಿಸುವಳೆ? ಹೀಗೆಲ್ಲ ತೋರಿಸಬಾರದು” ಎಂದರು ಅವರು.

ಆಗಲೇ ಹುಡುಗನು ತನ್ನ ಪ್ರಶ್ನೆಯನ್ನೆತ್ತಿದುದು. ಅವನು ಹಾರಾಡುವ ವೀರರ ಕಥೆಗಳಲ್ಲಿ ಪಂಡಿತ. “ಅಷ್ಟು ಶಕ್ತಿಯಿದ್ದರೆ ಹೊಟ್ಟೆಕಿಚ್ಚು ಯಾಕೆ ಬರಬೇಕು ಮಾವ?” ಎಂದನು.

ಶಕ್ತಿಗೂ ಮತ್ಸರಕ್ಕೂ ವಿರೋಧವಿಲ್ಲವೆಂಬುದಕ್ಕೆ ಅವನ ಪುಸ್ತಕಗಳಲ್ಲಿಯೇ ಸಾಕ್ಷಿಯುಂಟೆಂದು ನಾವು ತಿಳಿಸಿದೆವು. ಅಮೆರಿಕದವರು 1938ರಲ್ಲಿ ಸೂಪರ್‌ಮ್ಯಾನ್ ಎಂಬ ವೀರನನ್ನು ಕಲ್ಪಿಸಿದಾಗಲೇ ಲೋಯಿಸ್ ಲೇನ್ ಎಂಬ ಪತ್ರಕರ್ತೆಯನ್ನೂ ಕಲ್ಪಿಸಿದರು. ಅವಳು ಆಕಾಶದಲ್ಲಿ ಹಾರುವ ವೀರನಿಗೆ ಮನಸೋತವಳು, ಪಕ್ಕದ ಮೇಜಿನಲ್ಲಿ ಕನ್ನಡಕ ಹಾಕಿಕೊಂಡು ಕುಳಿತ ಸಾಧು ಕ್ಲಾರ್ಕ್ ಕೆಂಟನನ್ನು ತಿರಸ್ಕರಿಸುವಳು, ಇಬ್ಬರೂ ಒಬ್ಬನೇ! ಅವನಿಗೆ ಅವನೇ ಪ್ರತಿಸ್ಪರ್ಧಿ. ನಮ್ಮ ದೂರದರ್ಶನದಲ್ಲಿ 1997ರಿಂದ 2005ರವರೆಗೆ ನಡೆದ ‘ಶಕ್ತಿಮಾನ್’ನಲ್ಲಿಯೂ ಅದೇ ಏರ್ಪಾಡು: ಗೀತಾ ವಿಶ್ವಾಸ್ ಎಂಬ ಪತ್ರಕರ್ತೆಗೆ ಶಕ್ತಿಮಾನನ ಮೇಲೆ ಒಲವು, ಪೆದ್ದು ಗಂಗಾಧರನು ಅವನೇ ಎಂಬುದು ತಿಳಿಯದು. ಭಾನುವಾರ ಮಧ್ಯಾಹ್ನ ಇದೇ ನಡುಮನೆಯಲ್ಲಿ ನಮ್ಮ ಮಗನು ಅದನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದನು. ಪರ್ವತವನ್ನೆತ್ತುವವನಿಗೆ ಎತ್ತಲಾಗದ ಭಾರವೊಂದು ಬೇಕು. ಇಲ್ಲದಿದ್ದರೆ ಕಥೆ ಮುಂದೆ ಸಾಗದು. ಹುಡುಗನು ಒಪ್ಪಿದನು. ಆದರೆ, “ಅವೆಲ್ಲ ತಮಾಷೆ. ದ್ರೌಪದಿ ಅಳುತ್ತಿದ್ದಳು” ಎಂದನು.

ಇಲ್ಲಿ ನಮ್ಮೊಳಗಿನ ಉಪಾಧ್ಯಾಯನು ಎಚ್ಚತ್ತನು. ಜಗಲಿಯ ಜನಕ್ಕೂ ಕೇಳಿಸುವಂತೆ ಶಾಸ್ತ್ರವನ್ನು ವಿವರಿಸಿದೆವು. ಭರತಮುನಿಯು ಎಣಿಸಿದ 33 ವ್ಯಭಿಚಾರಿಭಾವಗಳಲ್ಲಿ ಅಸೂಯೆ ಒಂದು; ಅದು ಪರರ ಏಳಿಗೆಯನ್ನು ಸಹಿಸದಿರುವುದು. ದಂಪತಿಗಳ ನಡುವಣ ಈರ್ಷ್ಯೆಯು ಅದಕ್ಕಿಂತ ಬೇರೆ. ನಲ್ಲನು ಅನ್ಯಳಲ್ಲಿ ಆಸಕ್ತನಾದನೆಂದು ಕಂಡೋ ಕೇಳಿಯೋ ಊಹಿಸಿಯೋ ಹುಟ್ಟುವ ಮುನಿಸಿಗೆ ಈರ್ಷ್ಯಾಮಾನವೆಂದು ಹೆಸರು. ಯಾವ ಕಾರಣವೂ ಇಲ್ಲದೆ ಒಲವಿನ ಸೊಕ್ಕಿನಿಂದಲೇ ಬರುವುದು ಪ್ರಣಯಮಾನ. ಇವೆರಡೂ ವಿಪ್ರಲಂಭಶೃಂಗಾರದ ಭೇದಗಳು. ಎಂದರೆ ಪೂರ್ವಿಕರು ಹೆಂಡತಿಯ ಸಿಟ್ಟನ್ನು ಜಗಳದ ಖಾತೆಯಲ್ಲಿ ಬರೆಯದೆ ಒಲವಿನ ಖಾತೆಯಲ್ಲಿ ಬರೆದರು. ಅದನ್ನು ಇಳಿಸುವುದಕ್ಕೆ ನಾಯಕನಿಗೆ ಆರು ಉಪಾಯಗಳನ್ನೂ ಧನಂಜಯನ ದಶರೂಪಕದಲ್ಲಿ ಕಾಣಬಹುದು: ಸವಿಮಾತಾಡುವುದು ಸಾಮ, ಸಖಿಯರನ್ನು ಒಳಗು ಮಾಡಿಕೊಳ್ಳುವುದು ಭೇದ, ಒಡವೆ ಕೊಡುವುದು ದಾನ, ಕಾಲಿಗೆ ಬೀಳುವುದು ನತಿ, ಕಂಡೂ ಕಾಣದಂತಿರುವುದು ಉಪೇಕ್ಷೆ, ಭಯ ಹರ್ಷಾದಿಗಳಿಂದ ಮನಸ್ಸನ್ನು ಬೇರೆ ಕಡೆಗೆ ಹೊರಳಿಸುವುದು ರಸಾಂತರ. ಹೀಗಿರುವಲ್ಲಿ ದ್ರೌಪದಿಯ ಮುನಿಸು ಅವಳ ದೇವತ್ವಕ್ಕೆ ಕುಂದಲ್ಲ, ಒಲವಿನ ಅಲಂಕಾರವೇ ಎಂದು ನಾವು ಸಮಾಧಾನ ಹೇಳಿ ಮುಗಿಸಿದೆವು. ಹೂವಿನ ಅಜ್ಜಿಗೆ ತಕ್ಕಮಟ್ಟಿಗೆ ತೃಪ್ತಿಯಾಯಿತು. ನಮಗೆ ಪೂರ್ತಿಯಾಗಿ ತೃಪ್ತಿಯಾಗಿತ್ತೆಂದು ಒಪ್ಪಿಕೊಳ್ಳಬೇಕು.

ಆಗ ಕಂಬದ ಬಳಿಯಿಂದ ಸೋದರತ್ತೆ ಕೇಳಿದರು: “ಆ ಆರರಲ್ಲಿ ನಾಲ್ಕನೆಯದನ್ನು ಯಾರಾದರೂ ಮಾಡಿದ್ದುಂಟೇನಪ್ಪ?”

ಎಲ್ಲರೂ ನಕ್ಕರು. ಕಾವ್ಯಗಳಲ್ಲಿ ಧಾರಾಳವಾಗಿ ಉಂಟೆಂದು ನಾವು ಹೇಳಿದೆವು. “ಕಾವ್ಯದಲ್ಲಿ ಇರಲಿ, ಅರ್ಜುನ ಏನೆಂದ? ಆ ಹೆಣ್ಣುಗಳಿಬ್ಬರೂ ಆಡಿದ್ದು ಕೇಳಿಸಿತು. ಅವನು ಆಡಿದ್ದೇನು? ನಿನ್ನ ಪುಸ್ತಕ ನೋಡಿ ಹೇಳು” ಎಂದು ಅವರು ಮಲಗಲು ಎದ್ದರು.

ಸೋದರತ್ತೆಯವರ ಪೂರ್ವವೃತ್ತಾಂತವನ್ನು ಇಲ್ಲಿ ಹೇಳದೆ ಗತ್ಯಂತರವಿಲ್ಲ. ಅವರಿಗೆ ಮದುವೆಯಾದುದು 1949ರಲ್ಲಿ, ನೆಲಮಂಗಲದ ಕಡೆಯ ಒಂದು ಹಳ್ಳಿಗೆ. ಆಗ ಅವರಿಗೆ 15 ವರ್ಷ. ಐದು ವರ್ಷ ಮಕ್ಕಳಾಗಲಿಲ್ಲವೆಂದು 1954ರಲ್ಲಿ ನಮ್ಮ ಮಾವನವರು ಎರಡನೆಯ ಮದುವೆ ಮಾಡಿಕೊಂಡರು. ಹಿಂದೂ ವಿವಾಹ ಕಾಯಿದೆ ಬಂದು ಹೆಂಡತಿಯಿರುವಾಗ ಮತ್ತೊಬ್ಬಳನ್ನು ಮದುವೆಯಾಗುವುದು ಕಾನೂನುಬಾಹಿರವಾದುದು 1955ರ ಮೇ ತಿಂಗಳಿನಿಂದ. ಒಂದು ವರ್ಷ ತಡೆದಿದ್ದರೆ ಅವರ ಬಾಳು ಬೇರೆಯಾಗುತ್ತಿತ್ತೋ ಏನೋ. ಬಂದಾಕೆಗೆ ಮೂವರು ಮಕ್ಕಳಾದರು. ಇವರು ಅವರನ್ನು ಎತ್ತಿ ಆಡಿಸಿ ಬೆಳೆಸಿದರು. ಗಂಡನು ತೀರಿದ ಮೇಲೆಯೂ ಸವತಿಯರಿಬ್ಬರು ಒಂದೇ ಒಲೆಯಲ್ಲಿ ಬೇಯಿಸಿಕೊಂಡು ಇದ್ದರು. ಕಿರಿಯಾಕೆ 2011ರಲ್ಲಿ ಕಾಲವಾದ ಬಳಿಕವೇ ಅತ್ತೆಯವರು ತವರಾದ ನಮ್ಮ ಮನೆಗೆ ಬಂದುದು. ಸವತಿಯನ್ನು ತಂಗಿಯಂತೆ ಕಂಡವಳೆಂದು ನಮ್ಮ ಬಂಧುಬಳಗದಲ್ಲೆಲ್ಲ ಅವರ ಕೀರ್ತಿ. ನಾವು ತರಗತಿಯಲ್ಲಿ ದ್ರೌಪದೀ ಸುಭದ್ರೆಯರ ಪ್ರಸಂಗ ಬಂದಾಗಲೆಲ್ಲ ಹೆಸರು ಹೇಳದೆ ಈ ದೃಷ್ಟಾಂತವನ್ನು ಕೊಟ್ಟು, “ಇಂಥ ಔದಾರ್ಯವು ಪುರಾಣದಲ್ಲಿ ಮಾತ್ರವಲ್ಲ, ನಮ್ಮ ಹಳ್ಳಿಗಳಲ್ಲಿಯೂ ಉಂಟು” ಎಂದು ಹೇಳುತ್ತಿದ್ದೆವು. ಅದನ್ನು ಅವರಿಗೆ ತಿಳಿಸಿಯೂ ಇದ್ದೆವು, ಹೊಗಳಿಕೆಯೆಂದು.

ಮರುದಿನ ಬೆಳಗ್ಗೆ ಆದಿಪರ್ವವನ್ನು ತೆರೆದೆವು. ಹಲವು ಸಲ ಓದಿದ ಭಾಗವೇ. ಅರ್ಜುನನು ಹಿಂತಿರುಗಿ, ದೊರೆಗೆ ವಂದಿಸಿ, ದ್ರೌಪದಿಯ ಬಳಿಗೆ ಬರುವನು. ಅವಳು, ಆ ಸಾತ್ವತಕುಮಾರಿ ಇರುವಲ್ಲಿಗೇ ಹೋಗು ಎಂದು, ಎಷ್ಟು ಬಿಗಿಯಾಗಿ ಕಟ್ಟಿದ ಹೊರೆಗಾದರೂ ಮತ್ತೊಂದು ಕಟ್ಟು ಬಿದ್ದರೆ ಮೊದಲಿನದು ಸಡಿಲವಾಗುವುದೆಂಬ ಅರ್ಥದಲ್ಲಿ ಮಾತನಾಡುವಳು. ಅದು ಒಂದೇ ಶ್ಲೋಕ. ಮತ್ತೆ ಬಹುವಾಗಿ ಪ್ರಲಾಪಿಸಿದಳೆಂದು ಕವಿಯು ಹೇಳಿ ಬಿಡುವನು. ಇನ್ನು ಅರ್ಜುನನ ಉತ್ತರ? ಅವನು ಅವಳನ್ನು ಸಂತೈಸಿದನು, ಮತ್ತೆ ಮತ್ತೆ ಕ್ಷಮೆ ಬೇಡಿದನು ಎಂದಷ್ಟೇ ಇದೆ. ಅವನ ಬಾಯಿಯ ಒಂದು ಮಾತೂ ಇಲ್ಲ. ಒಡನೆಯೇ ಅವನು ತ್ವರೆಯಿಂದ ಹೋಗಿ, ಕೆಂಪು ರೇಷ್ಮೆಯನ್ನುಟ್ಟಿದ್ದ ಸುಭದ್ರೆಗೆ ಗೊಲ್ಲತಿಯ ವೇಷ ಹಾಕಿಸಿ ಒಳಗೆ ಕಳುಹಿಸುವನು. ಅವಳು ಮೊದಲು ಕುಂತಿಗೂ ತರುವಾಯ ದ್ರೌಪದಿಗೂ ನಮಸ್ಕರಿಸಿ, ನಾನು ನಿನ್ನ ದಾಸಿ ಎನ್ನುವಳು. ದ್ರೌಪದಿಯು ಎದ್ದು ಅವಳನ್ನು ಅಪ್ಪಿಕೊಂಡು, ನಿನ್ನ ಗಂಡನಿಗೆ ಶತ್ರುಗಳಿಲ್ಲದಿರಲಿ ಎಂದು ಹರಸುವಳು.

ಶತ್ರುವೆಂಬುದಕ್ಕೆ ಅಲ್ಲಿ ಬಳಸಿರುವ ಶಬ್ದ ‘ಸಪತ್ನ’. ಸವತಿಯೆಂಬ ಅರ್ಥದ ‘ಸಪತ್ನೀ’ ಶಬ್ದದಿಂದಲೇ ಅದು ಹುಟ್ಟಿತೆಂದು ವಿದ್ವಾಂಸರು ಹೇಳುವರು. ಮೂವತ್ತಕ್ಕೂ ಮಿಕ್ಕ ವರ್ಷ ಅದನ್ನು ಬರಿಯ ಆಶೀರ್ವಾದವೆಂದು ಪಾಠ ಹೇಳಿದ್ದ ನಮಗೆ, ಸವತಿಯನ್ನು ಅಪ್ಪಿಕೊಂಡು ನಿಂತ ಹೆಂಗಸಿನ ಬಾಯಲ್ಲಿ ಆ ಶಬ್ದವನ್ನೇ ಇಟ್ಟ ಕವಿಯ ಮನಸ್ಸು ಆ ಬೆಳಗ್ಗೆಯೇ ಮೊದಲ ಸಲ ಹೊಳೆಯಿತು. ನಮ್ಮನ್ನು ಅಗಲುವುದು ಯಾವುದೋ ಅದು ನಿನಗೆ ಬಾರದಿರಲಿ ಎಂದಳೋ, ನಿನ್ನವನಿಗೆ ಎದುರಾಳಿಯಿಲ್ಲದಿರಲಿ, ನನಗಾದರೋ ನೀನು ಬಂದೆ ಎಂದಳೋ?

ಓದಿದುದನ್ನು ಅತ್ತೆಯವರಿಗೆ ಕನ್ನಡದಲ್ಲಿ ಹೇಳಿದೆವು. ಹೊರೆಯ ಮಾತು ಬಂದಾಗ ಅವರು ತಡೆದರು. “ಇನ್ನೊಂದು ಸಲ ಹೇಳು” ಎಂದರು, ಹೇಳಿದೆವು. ನಾವಾದರೋ ಅದನ್ನು ಅಲಂಕಾರವೆಂದು ತಿಳಿದವರು. ಅವರು ಐವತ್ತು ವರ್ಷ ಹಸಿಹುಲ್ಲಿನ ಹೊರೆ ಕಟ್ಟಿ ತಲೆಯ ಮೇಲೆ ಹೊತ್ತವರು. “ಸರಿಯಾಗಿ ಹೇಳಿದ್ದಾಳೆ. ಹೊಸ ಹಗ್ಗ ಹಾಕಿ ಮಂಡಿಯೂರಿ ಬಿಗಿದರೆ ಹುಲ್ಲು ಒಳಕ್ಕೆ ಕುಗ್ಗುತ್ತದೆ. ಹಳೆಯ ಹಗ್ಗ ತಾನೇ ಸಡಿಲವಾಗುತ್ತದೆ. ಹಗ್ಗ ಹಳತಾಯಿತು ಎಂದು ಅದನ್ನು ಬೈಯುತ್ತಾರೆ. ಬಿಗಿದವನ ಮಂಡಿಯನ್ನು ಯಾರೂ ನೋಡುವುದಿಲ್ಲ” ಎಂದರು.

ಅರ್ಜುನನ ಮಾತು ಗ್ರಂಥದಲ್ಲಿಲ್ಲವೆಂದು ತಿಳಿಸಿದಾಗ ಅವರಿಗೆ ಆಶ್ಚರ್ಯವಾಗಲಿಲ್ಲ. ಕ್ಷಮೆ ಬೇಡಿದನೆಂದಾದರೂ ಇದೆಯಲ್ಲ ಎಂದೆವು. “ಅಷ್ಟು ಮಾಡಿದನಲ್ಲ, ಪುಣ್ಯಾತ್ಮ” ಎಂದು ಸ್ವಲ್ಪ ಹೊತ್ತು ಸುಮ್ಮನಿದ್ದು, 66 ವರ್ಷಗಳ ಹಿಂದಿನ ಸಂಜೆಯೊಂದನ್ನು ಹೇಳಿದರು. ಗಾಡಿ ಬಂದು ಬಾಗಿಲಲ್ಲಿ ನಿಂತಿತು. ಗಂಡನು ಇಳಿದು ಎತ್ತು ಬಿಚ್ಚುವ ನೆವದಿಂದ ಕೊಟ್ಟಿಗೆಗೆ ಹೋದವನು ದೀಪ ಹಚ್ಚುವವರೆಗೂ ಒಳಗೆ ಬರಲಿಲ್ಲ. ಅತ್ತೆಯಾದವಳು ಆರತಿಯ ತಟ್ಟೆಯನ್ನು ಇವರ ಕೈಗೇ ಕೊಟ್ಟಳು. ಹೊಸಬಳಿಗೆ ಇನ್ನೂ ಹದಿನೈದು ತುಂಬಿರಲಿಲ್ಲ. ಬೆಳಗಿನಿಂದ ಏನೂ ತಿಂದಿರಲಿಲ್ಲ. ಹೊಸ್ತಿಲಲ್ಲಿ ಹಸಿವಿನಿಂದ ಅಳುತ್ತಿದ್ದಳು. ಇವರು ತಟ್ಟೆಯನ್ನು ಅಲ್ಲಿಯೇ ಕೆಳಗಿಟ್ಟು, ಅವಳನ್ನು ಒಳಗೆ ಕರೆದುಕೊಂಡು ಹೋಗಿ ಮುದ್ದೆಯೂ ಹುಳಿಯೂ ಬಡಿಸಿದರು. “ಅದನ್ನೇ ಊರೆಲ್ಲ ದೊಡ್ಡ ಗುಣ ಎಂದಿತು. ನೀನೂ ಮಕ್ಕಳಿಗೆ ಹೇಳಿಕೊಟ್ಟೆ. ಗುಣವೇನು ಬಂತು? ಆ ಕೂಸಿಗೆ ಹಸಿವಾಗಿತ್ತು. ಸಿಟ್ಟು ನನಗೆ ಬೆಟ್ಟದಷ್ಟಿತ್ತು. ಅದು ಅವಳ ಮೇಲಿನದಲ್ಲ. ಕೊಟ್ಟಿಗೆಯಲ್ಲಿ ನಿಂತಿದ್ದವನ ಮೇಲೆ. ಬಂದು ಒಂದು ಮಾತು ಕೇಳುತ್ತಾನೆಂದು ಹನ್ನೊಂದು ವರ್ಷ ಕಾದೆ. ಆಮೇಲೆ ಅವನು ಸತ್ತ.” ಉಪಾಯಗಳಾರರಲ್ಲಿ ಐದನೆಯದನ್ನು ಮಾತ್ರ ನಮ್ಮ ಮಾವನವರು ಚೆನ್ನಾಗಿ ಅಭ್ಯಾಸ ಮಾಡಿದ್ದರೆಂದು ನಮಗೆ ತೋರಿತು, ಆದರೆ ಅದನ್ನು ಬಾಯಿಬಿಟ್ಟು ಹೇಳುವ ಸಮಯವಾಗಿರಲಿಲ್ಲ.

ಅಂದು ಸಂಜೆ ಜಗಲಿಯ ಸಭೆಯು ಮತ್ತೆ ಸೇರಿದಾಗ ನಮ್ಮ ಮಗನು ಐವರ ಲೆಕ್ಕವನ್ನು ಪುನಃ ತೆಗೆದನು. ಈ ಸಲ ನಾವು ಶಾಸ್ತ್ರಕ್ಕೆ ಹೋಗಲಿಲ್ಲ. ಅದೇ ಆದಿಪರ್ವದಲ್ಲಿ ನಾರದರು ಹೇಳುವ ಸುಂದೋಪಸುಂದರ ಕಥೆಯನ್ನು ಹೇಳಿದೆವು. ಒಂದೇ ತಟ್ಟೆಯಲ್ಲಿ ಉಂಡು ಒಂದೇ ಹಾಸಿಗೆಯಲ್ಲಿ ಮಲಗುತ್ತಿದ್ದ ಅಣ್ಣತಮ್ಮಂದಿರು, ಮೂರು ಲೋಕವನ್ನು ಗೆದ್ದವರು. ತಿಲೋತ್ತಮೆಯನ್ನು ಕಂಡೊಡನೆ ಒಬ್ಬರನ್ನೊಬ್ಬರು ಕೊಂದುಕೊಂಡರು. ಗಂಡಸರ ಮತ್ಸರವು ರಾಜ್ಯವನ್ನು ಹಾಳುಮಾಡಬಲ್ಲುದೆಂದು ನಂಬಿ ಅದಕ್ಕೆ ಮೊದಲೇ ನಿಯಮ, ಪ್ರಾಯಶ್ಚಿತ್ತ, ವನವಾಸ ಎಲ್ಲವನ್ನೂ ಏರ್ಪಡಿಸಿದರು. ಏರ್ಪಡಿಸುವುದಕ್ಕೆ ದೇವರ್ಷಿಯೇ ಇಳಿದು ಬರಬೇಕಾಯಿತು. ಹೆಂಗಸಿನ ಮತ್ಸರಕ್ಕೆ ಮಾತ್ರ ಯಾರೂ ನಿಯಮ ಮಾಡಲಿಲ್ಲ. ಆ ವನವಾಸದಿಂದಲೇ ಅರ್ಜುನನು ಮೂವರನ್ನು ಮದುವೆಯಾಗಿ ಬಂದನು! ಇದು ನಮಗೆ ಅಂದೇ ಹೊಳೆದ ವಿಚಾರ. ಮಗನು ಉತ್ತರ ಹೇಳದೆ ದೂರವಾಣಿಯನ್ನು ನೋಡುತ್ತ ಕುಳಿತನು.

ಪಂಪಕವಿಯು 941ರ ಸುಮಾರಿನಲ್ಲಿ ‘ವಿಕ್ರಮಾರ್ಜುನವಿಜಯ’ವನ್ನು ಬರೆದಾಗ ದ್ರೌಪದಿಗೆ ಅರ್ಜುನನೊಬ್ಬನೇ ಪತಿಯೆಂದು ಕಥೆಯನ್ನು ತಿದ್ದಿದುದು ವಾಚಕರಿಗೆ ತಿಳಿದಿರಬಹುದು. ತನ್ನ ದೊರೆ ಅರಿಕೇಸರಿಯನ್ನು ಅರ್ಜುನನೊಡನೆ ಹೋಲಿಸಬೇಕಾಗಿದ್ದ ಕವಿಗೆ ಪಾಲುದಾರರು ಬೇಡವಾದರು. ಆದರೆ ಅದೇ ಗ್ರಂಥದ ಕೊನೆಯಲ್ಲಿ ಸಿಂಹಾಸನವನ್ನೇರುವ ಅರ್ಜುನನ ಪಕ್ಕದಲ್ಲಿ ಪಟ್ಟದ ರಾಣಿಯಾಗಿ ಕುಳಿತುಕೊಳ್ಳುವವಳು ಸುಭದ್ರೆ. ಮುಡಿಯ ಹಗೆಯನ್ನು ಹದಿಮೂರು ವರ್ಷ ಹೊತ್ತವಳಿಗೆ ಪೀಠವಿಲ್ಲ. ಪಂಪನನ್ನು ಪೂಜಿಸುವ ನಮಗೆ ಈ ಒಂದೆಡೆಯಲ್ಲಿ ಅವನೊಡನೆ ಜಗಳವುಂಟು. ಅತ್ತೆಯವರಿಗೆ ಇದನ್ನು ತಿಳಿಸಿದಾಗ, “ಆ ಕವಿಗೂ ಎರಡು ಮನೆ ಇತ್ತೇನೋ” ಎಂದುಬಿಟ್ಟರು. ಪಂಡಿತರು ಕ್ಷಮಿಸಬೇಕು.

ಮೂರನೆಯ ದಿನ ಹೂವಿನ ಅಜ್ಜಿಯು ಸೇವಂತಿಗೆಯ ಮಾಲೆಯೊಂದನ್ನು ತಂದು ಕಿಟಕಿಯಿಂದ ಒಳಗೆ ಕೊಟ್ಟು, ಅತ್ತೆಯವರೊಡನೆ ಬಹಳ ಹೊತ್ತು ಮಾತನಾಡಿದರು. ಏನು ಮಾತಾಯಿತೆಂದು ನಾವು ಕೇಳಲಿಲ್ಲ. ಹೋಗುವಾಗ ಅವರು ನಮ್ಮ ಕಡೆ ತಿರುಗಿ, “ತಾಯಿಗೆ ಸಿಟ್ಟು ಬಂದದ್ದು ಸರಿಯೇ ಮೇಷ್ಟ್ರೆ, ಸಿಟ್ಟು ಬಾರದಿದ್ದರೆ ರಾಕ್ಷಸನನ್ನು ಹೇಗೆ ಕೊಲ್ಲುತ್ತಿದ್ದಳು?” ಎಂದರು. ಹುಡುಗನ ಪ್ರಶ್ನೆಗೆ ನಮ್ಮ ವಿಪ್ರಲಂಭಕ್ಕಿಂತ ಇದು ಹೆಚ್ಚು ಹಿಡಿಸಿತು.

ಶಾಲೆ ತೆರೆದ ಮೇಲೆ ನಿವೃತ್ತರಾಗುವವರೆಗೆ ಆ ಪ್ರಸಂಗವನ್ನು ಹೇಳುವ ಸಂದರ್ಭಗಳು ಎರಡು ಸಲ ಬಂದುವು. ಎರಡು ಸಲವೂ ನಾವು ಹಳೆಯ ದೃಷ್ಟಾಂತವನ್ನು ಕೊಡಲಿಲ್ಲ. ಹೊರೆಯ ಶ್ಲೋಕವನ್ನು ಕಪ್ಪುಹಲಗೆಯ ಮೇಲೆ ಬರೆದು, ಮನೆಯಲ್ಲಿ ಹುಲ್ಲು ಕಟ್ಟುವವರನ್ನು ಕೇಳಿಕೊಂಡು ಬಂದು ಅರ್ಥ ಹೇಳಿರೆಂದು ಮಕ್ಕಳನ್ನು ಕಳುಹಿಸಿದೆವು.

ಸೋದರತ್ತೆಯವರು 2022ರಲ್ಲಿ ಕಾಲವಾದರು. ಆ ಧಾರಾವಾಹಿಯನ್ನು ಅವರು ಕೊನೆಯವರೆಗೂ ಬಿಡದೆ ನೋಡಿದರು. ಅರ್ಜುನನು ಬಂದಾಗಲೆಲ್ಲ ಜಪಸರವನ್ನು ತೆಗೆದುಕೊಂಡು ಗೋಡೆಯ ಕಡೆಗೆ ತಿರುಗುವರು, ಸುಭದ್ರೆಯ ಧ್ವನಿ ಕೇಳಿದರೆ ಮಾತ್ರ ಸರವನ್ನು ನಿಲ್ಲಿಸಿ, ಆ ಮಂಜುಗಣ್ಣುಗಳನ್ನು ಪರದೆಯ ಕಡೆಗೆ ಹೊರಳಿಸಿ, “ಊಟವಾಯಿತೇನೆ?” ಎಂದು ಕೇಳುವರು.